ಕೊನೆಯ ಮನೆಯ ಚಾವಿ ಕಾಕಾ

ಅಕ್ಷತಾ, ಶಿವು,

ಹೋದ ರವಿವಾರ ಬೆಳಿಗ್ಗೆ ಶಿವು ನಳ ಬಿಟ್ಟುಕೊಂಡೇ ಹಲ್ಲು ತಿಕ್ಕುತ್ತ ನಿಂತಿದ್ದ. ನಾನು ಹೋಗಿ ತಿರುವಿ ಬಂದ್ ಮಾಡಿದೆ. "ಅಜ್ಜಿ, ಈಗ ಇಪ್ಪತ್ನಾಲ್ಕು ತಾಸೂ ನೀರು ಬರತೈತಿ. ನೀ ಇನ್ನೂ ಕೊಡದ ಕಾಲದಾಗ ಅದೀ" ಎಂದ. ಅಕ್ಷತಾ ನಕ್ಕಳು. ನಾನೂ ನಕ್ಕೆ. ಎದುರು ಮಾತಾಡುವ ರೂಢಿ ನನಗೆ ಮೊದಲಿನಿಂದಲೂ ಇಲ್ಲ. ಹೇಳಬೇಕಾದ ಮಾತು ಎರಡು ದಿನ ತಡವಾಗಿ ಹೊಳೆಯುತ್ತದೆ, ಅಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಾರೆ. ಅದಕ್ಕೇ ಈ ಸಲ ಬರೆದು ಇಡುತ್ತಿದ್ದೇನೆ. ನಾನು ಹಳ್ಳಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಓದಿದವಳು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ಸಂಗತಿಯನ್ನು ಮಾತ್ರ ತಿದ್ದಬೇಡಿ.

ನಳವನ್ನು ಬಿಗಿಯಾಗಿ ಅಲ್ಲ, ಹನಿ ನಿಲ್ಲುವಷ್ಟೇ ತಿರುವಬೇಕು ಎಂದು ನನಗೆ ಕಲಿಸಿದವರು ಒಬ್ಬರಿದ್ದರು. ನಮ್ಮ ಓಣಿಯ ಕೊನೆಯ ಮನೆಯವರು. ಎರಡು ವರ್ಷದ ಹಿಂದೆ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಒಂದು ಕಾಗದದಲ್ಲಿ ಅವರ ಹೆಸರು ಮೇಲಿತ್ತು, ನನ್ನ ಹೆಸರು ಕೆಳಗಿತ್ತು. ಆ ಎರಡು ಹೆಸರು ಮತ್ತೊಂದು ಕಾಗದದಲ್ಲಿ ಕೂಡುವುದು ಬೇಡ. ಓಣಿಯವರು ಕರೆಯುತ್ತಿದ್ದಂತೆ ಚಾವಿ ಕಾಕಾ ಎಂದೇ ಬರೆಯುತ್ತೇನೆ.

ನಮ್ಮ ಓಣಿ ಏರು ಓಣಿ. ಕೆಲಗೇರಿ ಕೆರೆಯ ಕಡೆಯಿಂದ ಬರುವ ರಸ್ತೆಯಲ್ಲಿ ಶುರುವಾಗಿ ಮೇಲೆ ಬೇವಿನ ಗಿಡದ ಹತ್ತಿರ ಮುಗಿಯುತ್ತದೆ. ನೀರಿನ ಪೈಪು ಕೆಳಗಿನಿಂದ ಬರುತ್ತದೆ. ಕೆಳಗಿನಿಂದ ಎರಡನೆಯದು ನಮ್ಮ ಮನೆ, ಬೇವಿನ ಗಿಡದ ಕೆಳಗಿನದು ಅವರದು. ಆಗ ನೀರು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡವಾಗಿ ಬರುತ್ತಿತ್ತು. ಬಂದ ದಿನ ಒಂದೆರಡು ತಾಸು. ಓಣಿಯ ಬಾಯಿಗೆ ನೆಲದಲ್ಲೊಂದು ಕಬ್ಬಿಣದ ಮುಚ್ಚಳವಿದೆಯಲ್ಲ, ಶಿವು ಅದರ ಮೇಲೆ ಸೈಕಲ್ಲು ಹಾರಿಸುತ್ತಿದ್ದ, ಅದರೊಳಗಿನ ವಾಲ್ವನ್ನು ತಿರುಗಿಸಿ ನೀರು ಬಿಡುವುದು ಕಾಕಾ ಅವರ ಕೆಲಸ. ನೀರಿನ ಆಫೀಸಿನ ನೌಕರಿ. ನಮ್ಮ ಓಣಿಯಂತೆ ಇನ್ನೂ ಹತ್ತಾರು ಓಣಿಗಳು ಅವರ ಪಾಳಿಯಲ್ಲಿದ್ದವು.

ವಾಲ್ವು ತಿರುವುವ ಎದೆಯೆತ್ತರದ ಕಬ್ಬಿಣದ ಚಾವಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದರು. ಒಣಕಲು ಮೈ. ಖಾಕಿ ಅಂಗಿಯ ಕಿಸೆಯಲ್ಲಿ ಬೇರೆಯವರು ಬೀಡಿ ಇಟ್ಟುಕೊಂಡಂತೆ ಇವರು ನಳದ ವಾಶರುಗಳನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಕೆಲವೊಮ್ಮೆ ಚಾವಿಯ ಒಂದು ತುದಿಯನ್ನು ಪೈಪಿನ ಮೇಲೆ ಊರಿ ಇನ್ನೊಂದು ತುದಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಾನು ಮೊದಲ ಸಲ ನೋಡಿದಾಗ ಇವರಿಗೆ ಎಲ್ಲೋ ತಲೆ ಸರಿ ಇಲ್ಲ ಅಂದುಕೊಂಡಿದ್ದೆ.

"ಏನು ಕೇಳಾಕತ್ತೀರಿ ಕಾಕಾ?" ಎಂದು ಪಕ್ಕದ ಮನೆಯವಳು ಕೇಳಿದಳು.

"ಭೂಮ್ಯಾಗ ಎಲ್ಲೆ ಸೋರತೈತಿ ಅಂತ ಕೇಳಾಕತ್ತೇನಿ. ನೀ ಬಾಯಿ ಮುಚ್ಚಿದ್ರ ಲಗೂ ಕೇಳಸತೈತಿ."

ಹೀಗೆ ಮಾತಾಡುತ್ತಿದ್ದರು. ನಯ ಕಡಿಮೆ. ಆದರೆ ಹೆಂಗಸರು ಅವರನ್ನು ಕಾಡದೆ ಬಿಡುತ್ತಿರಲಿಲ್ಲ. ನೀರು ಬರುವ ದಿನ ಎಲ್ಲರೂ ಬಾಗಿಲಲ್ಲೇ ಇರುತ್ತಿದ್ದೆವಲ್ಲ. "ಕಾಕಾ, ಎಲ್ಲಾದಕ್ಕೂ ಅಳತಿ ಹಿಡೀತೀರಿ. ಕಾಕೂನ್ನ ಬೈಯೂವಾಗೂ ಅಳದು ಬೈತೀರೇನು?" ಎಂದರೆ, "ಬೈಯೂದು ನನ್ನ ಕಡೆ ಇಲ್ಲವಾ, ಅದು ಆಕೀ ಖಾತೆ. ಆ ನಳಾ ಹಗಲೂರಾತ್ರಿ ಬಿಟ್ಟ ಇರತೈತಿ" ಎನ್ನುತ್ತಿದ್ದರು. ಕಾಕು ಎಂದರೆ ಅವರ ಹೆಂಡತಿ. ಪಾಪ, ಆಕೆ ಬೈದದ್ದನ್ನು ನಾನು ಎಂದೂ ಕೇಳಿಲ್ಲ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು ಬೆಲ್ಲ ಕೊಡುತ್ತೇವೆ. ಕಾಕಾ ಬಂದಾಗ ತುಂಬಿದ ಲೋಟ ಕೊಟ್ಟರೆ ಮುಟ್ಟುತ್ತಿರಲಿಲ್ಲ. "ಬಾಯಿ ಹಚ್ಚೂದಕ್ಕ ಮದಲ ಅರ್ಧ ತಂಬಿಗಿಗೆ ಹೊಳ್ಳಿ ಹಾಕು ತಂಗೆವ್ವಾ. ಬೇಕಾದ್ರ ಮತ್ತ ಕೇಳತೇನಿ. ಉಳದ್ರ ಚೆಲ್ಲತೀ" ಎನ್ನುತ್ತಿದ್ದರು. ಕುಡಿದ ಮೇಲೆ ಲೋಟವನ್ನು ಬೋರಲು ಹಾಕಿ ತೋರಿಸುತ್ತಿದ್ದರು, ಊಟ ಮುಗಿಸಿದ ಕೂಸು ತಾಟು ತೋರಿಸಿದಂತೆ.

ಹಳೆಯ ನೀರಿನ ಸಂಗತಿಯನ್ನು ನಿಧಾನವಾಗಿ ಹೇಳಬೇಕು. ಮುಂದಿನದೆಲ್ಲ ಅದರಿಂದಲೇ ಆದದ್ದು.

ನಮ್ಮ ಹಳ್ಳಿಯ ಮನೆಯಲ್ಲಿ ಬಾವಿ ಹಿತ್ತಲಲ್ಲೇ ಇತ್ತು. ದಿನಾ ಬೆಳಿಗ್ಗೆ ನಿನ್ನೆಯ ನೀರನ್ನು ಎಮ್ಮೆಗೆ ಇಟ್ಟು, ಕೊಡ ಬೆಳಗಿ ಹೊಸ ನೀರು ಸೇದುವುದು ನಮ್ಮವ್ವನ ಪದ್ಧತಿ. ಮದುವೆಯಾಗಿ ಧಾರವಾಡಕ್ಕೆ ಬಂದಾಗ ಆ ಪದ್ಧತಿ ನನ್ನ ಕೂಡ ಬಂತು. ಎಮ್ಮೆ ಬರಲಿಲ್ಲ. ಓಣಿಯ ಹೆಂಗಸರೆಲ್ಲ ನನ್ನಂತೆಯೇ ಒಂದೊಂದು ಹಳ್ಳಿಯಿಂದ ಬಂದವರು. ನೀರು ಬರುವ ದಿನ ಬೆಳಿಗ್ಗೆ ಎಲ್ಲರೂ ಹಂಡೆ, ಪೀಪಾಯಿ, ಕೊಡ ಹೊರಗೆ ತಂದು, ಉಳಿದ ಹಳೆಯ ನೀರನ್ನೆಲ್ಲ ಗಟಾರಕ್ಕೆ ಚೆಲ್ಲಿ, ಪಾತ್ರೆ ತಿಕ್ಕಿ, ಹೊಸ ನೀರಿಗೆ ಕಾಯುತ್ತ ಕೂಡುತ್ತಿದ್ದೆವು. ವಾರವಿಡೀ ಒಂದೊಂದು ತಂಬಿಗೆಗೆ ಲೆಕ್ಕ ಹಿಡಿದವರು ಆ ಒಂದು ತಾಸಿನಲ್ಲಿ ಹಂಡೆಗಟ್ಟಲೆ ಚೆಲ್ಲುತ್ತಿದ್ದೆವು. ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಚೆಲ್ಲದವಳನ್ನು ಹೊಲಸು ಎನ್ನುತ್ತಿದ್ದರು.

ಒಂದು ದಿನ ಉಳಿದವರು ಹೊರಗೆ ಬರುವ ಮೊದಲೇ ನಾನು ಅರ್ಧ ಹಂಡೆ ಬಗ್ಗಿಸುತ್ತಿದ್ದಾಗ ಕಾಕಾ ಚಾವಿ ಹೊತ್ತು ಬಂದರು.

"ತಂಗೆವ್ವಾ, ಗಟಾರಕ್ಕ ಏನು ಅಭಿಷೇಕ?"

"ಹಳೇ ನೀರು ಕಾಕಾ. ಎಂಟು ದಿನಾ ಆತು."

"ಇವತ್ತ ಬರೂ ನೀರು ಯಾವಾಗಿಂದು?"

"ಇವತ್ತಿಂದು."

"ಇವತ್ತ ಹಡದಾಳೇನು ಮಲಪ್ರಭಾ? ಅದು ಸವದತ್ತಿ ಡ್ಯಾಮಿನ್ಯಾಗ ಹ್ವಾದ ಮಳಿಗಾಲದಿಂದ ನಿಂತದ್ದು. ಎಂಟು ದಿನದ ಹಿಂದ ಬಂದದ್ದು ನಿನ್ನ ಹಂಡ್ಯಾಗ ಕುಂತಿತ್ತು. ಇವತ್ತ ಬರೂದು ಆ ಎಂಟು ದಿನಾ ಅಲ್ಲೇ ಡ್ಯಾಮಿನ್ಯಾಗ ಕುಂತಿತ್ತು. ಎರಡೂ ಅವಳಿ ಜವಳಿ. ಒಂದನ್ನ ಗಟಾರಕ್ಕ ಚೆಲ್ಲಿ ಇನ್ನೊಂದಕ್ಕ ಆರತಿ ಹಿಡೀತೀರಿ."

ನಾನು ಬಗ್ಗಿಸಿದ್ದ ಹಂಡೆಯನ್ನು ನೆಟ್ಟಗೆ ನಿಲ್ಲಿಸಿದೆ.

"ಮುಚ್ಚಿ ಇಟ್ಟಿದ್ರ ಸೋಸಿ, ಕಾಸಿ ಕುಡೀರಿ. ಕುಡ್ಯಾಕ ಮನಸ್ಸು ಬರಲಿಲ್ಲಂದ್ರ ಅರಿವಿ ಒಗೀರಿ, ನೆಲಾ ಒರಸ್ರಿ. ನಿಮ್ಮ ಹಂಡೆ ಖಾಲಿ ಇದ್ದಷ್ಟು ಹೊತ್ತು ನಳಾ ಇಲ್ಲೇ ಬಿಟ್ಟಿರತೀರಿ. ಮ್ಯಾಲಿನ ಮನಿಗೆ ಪಾಳಿ ಬರೂದರಾಗ ನಾ ವಾಲ್ವ್ ತಿರುವೂ ಹೊತ್ತು ಆಗಿರತೈತಿ."

ಮೇಲಿನ ಮನೆ ಎಂದರೆ ಅವರದೇ. ಅದನ್ನು ಅವರು ಹೇಳಲಿಲ್ಲ, ನನಗೆ ಗೊತ್ತಿತ್ತು. ನೀರು ಬಿಡುವವರ ಮನೆಗೇ ನೀರು ಸರಿಯಾಗಿ ಹತ್ತುತ್ತಿರಲಿಲ್ಲ. ಎರಡು ಕೊಡ ತುಂಬಿದರೆ ಅದೇ ಹೆಚ್ಚು. "ಒಂದ್ಹತ್ತು ನಿಮಿಷ ತಡಾ ಮಾಡಿ ಬಂದ್ ಮಾಡಿದ್ರ ನಿಮ್ಮ ಮನಿಗೂ ತುಂಬತೈತಲ್ಲ ಕಾಕಾ" ಎಂದು ನಾನೇ ಒಮ್ಮೆ ಧೈರ್ಯ ಮಾಡಿ ಹೇಳಿದ್ದೆ. "ಆ ಹತ್ತು ನಿಮಿಷ ಮುಂದಿನ ಓಣಿದು" ಎಂದು ಕೈಗಡಿಯಾರ ನೋಡಿಕೊಂಡು ಎದ್ದುಬಿಟ್ಟರು. ನೀರು ಬಿಟ್ಟಷ್ಟು ಹೊತ್ತೂ ಆ ಗಡಿಯಾರ ನೋಡುತ್ತ ನಮ್ಮ ಕಟ್ಟೆಯ ಮೇಲೇ ಕೂತಿರುತ್ತಿದ್ದರು. ನನ್ನ ಕಣ್ಣ ಮುಂದೆಯೇ. ಇದನ್ನು ನೆನಪಿಡಿ.

ಅಂದಿನಿಂದ ನಾನು ಹಳೆಯ ನೀರು ಚೆಲ್ಲುವುದನ್ನು ಬಿಟ್ಟೆ. ಅವರು ಒಂದೊಂದಾಗಿ ಕಲಿಸುತ್ತ ಹೋದರು. ಅಕ್ಕಿ ತೊಳೆದ ನೀರಿನಲ್ಲಿ ಕಾಯಿಪಲ್ಲೆ ತೊಳೆಯುವುದು, ಅದನ್ನು ಕರಿಬೇವಿನ ಗಿಡಕ್ಕೆ ಹಾಕುವುದು. ಅರಿವೆ ಹಿಂಡಿದ ಕೊನೆಯ ನೀರನ್ನು ಮರುದಿನದ ಸಬಕಾರದ ನೀರು ಮಾಡುವುದು. ಮುಸುರೆಯನ್ನು ಮೊದಲು ಬೂದಿ ಹಚ್ಚಿ ನಾರಿನಿಂದ ಒರೆಸಿ, ಆಮೇಲೆ ನೀರು ಮುಟ್ಟಿಸುವುದು. ನೀರು ಬಂದ ದಿನ ನಳ ತೊಟ್ಟಿಕ್ಕಿದರೆ ರೊಟ್ಟಿ ಬಡಿಯಲು ಕೂಡುವಾಗ ಕೆಳಗೆ ತಂಬಿಗೆ ಇಟ್ಟು, ಕೊನೆಯ ರೊಟ್ಟಿ ಏಳುವಾಗ ನೋಡುವುದು. ಮೊದಲ ಸಲ ನೋಡಿದಾಗ ತಂಬಿಗೆ ತುಂಬಿ ಹರಿದಿತ್ತು. ನಾನು ಬೆರಗಾಗಿ ನಿಂತದ್ದನ್ನು ನೋಡಿ, ಅವರು ಕಿಸೆಯಿಂದ ವಾಶರು ತೆಗೆದು, ನಳ ಬಿಚ್ಚಿ ಹೇಗೆ ಕೂಡಿಸಬೇಕೆಂದು ನನ್ನ ಕೈಯಿಂದಲೇ ಮಾಡಿಸಿದರು. ಹೆಂಗಸೊಬ್ಬಳ ಕೈಗೆ ನಟ್ಟು ಬಿಚ್ಚುವ ಪಾನಾ ಕೊಟ್ಟದ್ದನ್ನು ನೋಡಿ ಓಣಿ ನಕ್ಕಿತು. "ನಗಲಿ ಬಿಡು. ಗಂಡಸರು ಸಂಜಿಗೆ ಮನೀಗೆ ಬರತಾರ, ನಳಾ ಮುಂಜಾನೆ ಸೋರತೈತಿ" ಎಂದರು.

ಹಳೆಯ ನೀರಿನ ಮಾತನ್ನು ನಾನು ನಿಮ್ಮ ಅಜ್ಜನಿಗೆ ಊಟಕ್ಕೆ ಬಡಿಸುತ್ತ ಹೇಳಿದೆ. ಅವಳಿ ಜವಳಿ ಎಂದದ್ದನ್ನು ಕೇಳಿ ಅವರಿಗೆ ನಗೆ ತಡೆಯಲಿಲ್ಲ. "ಬುದ್ಧಿವಂತ ಅದಾನ" ಎಂದರು. ನನ್ನ ಬಾಯಿಂದ ಬಂದ ಮಾತಿಗೆ ಅವರು ಅಷ್ಟು ನಕ್ಕದ್ದು ಅಪರೂಪ. ನನಗೆ ಹಿಗ್ಗಾಗಿತ್ತು.

ಚೆಲ್ಲುವ ನೀರು ಉಳಿಯತೊಡಗಿದ ಮೇಲೆ ಕಾಕು ನಮ್ಮ ಮನೆಗೆ ಬರತೊಡಗಿದರು. ಹಿತ್ತಲ ಬಾಗಿಲಿಗೆ ಬಂದು, "ನಿಂದು ಹೆಚ್ಚಾದದ್ದು ಇದ್ರ ಒಂದು ಕೊಡ ಹಾಕವ್ವಾ" ಎನ್ನುತ್ತಿದ್ದರು. ಹಾಕುತ್ತಿದ್ದೆ. ಏರಿನ ಮೇಲೆ ಅವರು ಕೊಡ ಹೊತ್ತು ಹೋಗುವಾಗ ಒಂದು ಹನಿ ತುಳುಕುತ್ತಿರಲಿಲ್ಲ.

ಕಾಕಾ ದೇವರಂಥವರು ಎಂದು ನಾನು ಬರೆಯುತ್ತಿಲ್ಲ. ಅವರಿಗೆ ಹೊತ್ತು ಗೊತ್ತು ತಿಳಿಯುತ್ತಿರಲಿಲ್ಲ. ಓಣಿಯಲ್ಲಿ ಮಹಡಿ ಇದ್ದದ್ದು ಒಂದೇ ಮನೆ. ಆ ಮನೆಯ ಯಜಮಾನರು ಹತ್ತಿ ವ್ಯಾಪಾರದವರು, ಓಣಿಯಲ್ಲಿ ಅವರ ಮಾತಿಗೆ ತೂಕವಿತ್ತು. ಅವರ ಮಗಳ ಮದುವೆಗೆ ಪಾಳಿ ಬಿಟ್ಟು ಒಂದು ತಾಸು ನೀರು ಬಿಡಲು ಕೇಳಿದರು. ಕಾಕಾ ಒಲ್ಲೆ ಎಂದರು. ಯಜಮಾನರು ಟ್ಯಾಂಕರು ತರಿಸಿದರು, ಅದು ಮುಗಿದುಹೋದ ಮಾತು. ಆದರೆ ಮದುವೆಯ ದಿನ ಕಾಕಾ ಓಣಿಯವರ ಕೂಡ ಬಡಿಸಲು ನಿಂತರು. ನೀರಿನ ಜಗ್ಗು ಅವರ ಕೈಗೆ ಬಂತು. ಬೀಗರ ಪಂಕ್ತಿಯಲ್ಲಿ ಒಬ್ಬೊಬ್ಬರಿಗೆ ಅರ್ಧ ಅರ್ಧ ಲೋಟ ನೀರು ಹಾಕುತ್ತ ಹೊರಟರು.

ಗಂಡಿನ ಕಡೆಯ ಹಿರಿಯರೊಬ್ಬರು ಲೋಟ ಎತ್ತಿ ನೋಡಿ, "ಏನ್ರಿ ಬೀಗರ, ನಮಗ ಅರ್ಧಾ ನೀರ ಏನು? ಹೆಣ್ಣು ಪೂರಾ ಕೊಟ್ಟೀರಿಲ್ಲೋ?" ಎಂದರು. ಪಂಕ್ತಿ ನಕ್ಕಿತು. ಯಜಮಾನರ ಮೋರೆ ಕಪ್ಪಿಟ್ಟಿತು. ಕಾಕಾ ಅಲ್ಲಿಗಾದರೂ ಸುಮ್ಮನಿರಬೇಕಿತ್ತು. "ಕುಡದು ಮತ್ತ ಕೇಳ್ರಿ, ಮತ್ತ ಹಾಕತೇನಿ. ಎದ್ದಮ್ಯಾಲೆ ತುಂಬಿದ ಲೋಟ ಚೆಲ್ಲೂದು ನಾವ ಅಲ್ಲೇನ್ರಿ" ಎಂದರು. ಯಜಮಾನರು ಬಂದು ಅವರ ಕೈಯಿಂದ ಜಗ್ಗು ಕಸಿದುಕೊಂಡರು. ಆ ಅರ್ಧ ಲೋಟವನ್ನು ಆ ಮನುಷ್ಯ ಮರೆಯಲಿಲ್ಲ.

ಮುಂದಿನ ವರ್ಷ ಮೋಟಾರುಗಳು ಬಂದವು. ಮೊದಲು ಮಹಡಿ ಮನೆಯವರು ನೀರಿನ ಪೈಪಿಗೇ ಮೋಟಾರು ಹಚ್ಚಿ ಎಳೆಯತೊಡಗಿದರು. ಅವರು ಎಳೆದರೆ ಬಾಜೂ ಮನೆಗೆ ಸಣ್ಣಗೆ ಬರುತ್ತಿತ್ತು, ಆದ್ದರಿಂದ ಅವರೂ ಹಚ್ಚಿದರು. ಆಮೇಲೆ ನಿಮ್ಮ ಅಜ್ಜ ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಒಂದು ಸಣ್ಣ ಮೋಟಾರು ತಂದರು. ಆಗ ಅಕ್ಷತಾ ತೊಟ್ಟಿಲಲ್ಲಿದ್ದಳು, ದಿನಕ್ಕೆ ಎಷ್ಟು ದುಪ್ಪಟಿ ಒಗೆದರೂ ಸಾಲದು. ಹೊಸ ಪೀಪಾಯಿ ಅರ್ಧ ಗಳಿಗೆಯಲ್ಲಿ ತುಂಬಿದ್ದನ್ನು ನೋಡಿ ನಾನೂ ಖುಷಿಪಟ್ಟೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ಕಾಕಾ ಚಾವಿಗೆ ಕಿವಿ ಹಚ್ಚಿ ಯಾವ ಯಾವ ಮನೆಯಲ್ಲಿ ಮೋಟಾರು ಹತ್ತಿದೆ ಎಂದು ಹೇಳುತ್ತಿದ್ದರು. ಒಂದೊಂದು ಬಾಗಿಲಿಗೂ ಹೋಗಿ ಕೈಮುಗಿದರು. ನಮ್ಮ ಬಾಗಿಲಿಗೂ ಬಂದರು. "ತಂಗೆವ್ವಾ, ನಿಮ್ಮದೂ ಹತ್ತೈತಿ" ಎಂದರು. ನಾನು ತಲೆ ತಗ್ಗಿಸಿದೆ. ನಿಮ್ಮ ಅಜ್ಜ ಒಳಗಿನಿಂದ ಬಂದು, "ಎಲ್ಲಾರೂ ತಗೀಲಿ, ನಾನೂ ತಗೀತೇನಿ" ಎಂದರು. ಮಹಡಿ ಮನೆಯವರು ಮಾತ್ರ ನಕ್ಕು, "ನಿಮ್ಮ ಮನಿಗೆ ಬರೂದಿಲ್ಲಂತ ನೇರ ಹೇಳ್ರಲಾ, ಓಣಿ ಉದ್ಧಾರದ ಮಾತು ಯಾಕ?" ಎಂದರಂತೆ. ಅದೇ ಕಾಕಾ ಅವರ ಪೇಚು. ಕೊನೆಯ ಮನೆ ಅವರದಾದ್ದರಿಂದ ಅವರು ಆಡಿದ ನ್ಯಾಯದ ಮಾತೆಲ್ಲ ಸ್ವಂತದ ಮಾತಿನಂತೆ ಕೇಳುತ್ತಿತ್ತು.

ಆ ಬೇಸಿಗೆಯಲ್ಲಿ ಮೂರು ಸಲ ನೀರು ಬಿಟ್ಟರೂ ಮೇಲಿನ ನಾಲ್ಕು ಮನೆಗಳಿಗೆ ಒಂದು ಹನಿ ಹತ್ತಲಿಲ್ಲ. ಕಾಕಾ ಆಫೀಸಿಗೆ ತಿಳಿಸಿದರು. ಅಲ್ಲಿಂದ ಮಂದಿ ಬಂದು ಎಲ್ಲ ಮೋಟಾರು ಬಿಚ್ಚಿ ಗಾಡಿಯಲ್ಲಿ ಹಾಕಿಕೊಂಡು ಹೋದರು. ನಿಮ್ಮ ಅಜ್ಜ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿ ಇಪ್ಪತ್ತು ವರ್ಷ ದುಡಿದವರು, ಒಬ್ಬರಿಂದ ಒಂದು ಮಾತು ಅನ್ನಿಸಿಕೊಂಡವರಲ್ಲ. ಓಣಿಯ ನಡುವೆ ನಮ್ಮ ಮೋಟಾರು ಹೊತ್ತೊಯ್ದದ್ದು ಅವರಿಗೆ ದೊಡ್ಡ ಅಪಮಾನವಾಯಿತು.

ಮೂರನೆಯ ದಿನ ಮಹಡಿ ಮನೆಯ ಯಜಮಾನರು ನಮ್ಮ ಮನೆಗೆ ಬಂದರು. ನಿಮ್ಮ ಅಜ್ಜನ ಬರವಣಿಗೆ ಅಚ್ಚು ಹಾಕಿದಂತೆ ಇರುತ್ತಿತ್ತು, ಓಣಿಯ ಅರ್ಜಿಗಳನ್ನೆಲ್ಲ ಅವರೇ ಬರೆಯುತ್ತಿದ್ದರು. ಇಬ್ಬರೂ ಕೂತು ಕಾಕಾ ಮೇಲೆ ಅರ್ಜಿ ಬರೆದರು. ಹೊತ್ತಿಗೆ ಮುಂಚೆ ನೀರು ಬಂದ್ ಮಾಡುತ್ತಾನೆ, ಹೋಟೆಲಿನವರಿಂದ ರೊಕ್ಕ ತೆಗೆದುಕೊಂಡು ಅವರಿಗೆ ನೀರು ಬಿಡುತ್ತಾನೆ ಎಂದು ಬರೆದರು. ಮೂರನೆಯ ಅಂಶವನ್ನು ನಿಮ್ಮ ಅಜ್ಜ ತಾವೇ ಸೇರಿಸಿದರು: ಹೆಣ್ಣುಮಕ್ಕಳಿಗೆ ಎಂಟು ದಿನದ ಹಳಸಿದ ನೀರು ಕುಡಿಯಲು ಹೇಳುತ್ತಾನೆ, ಇದರಿಂದ ಓಣಿಯ ಕೂಸುಗಳ ಜೀವಕ್ಕೆ ಅಪಾಯವಿದೆ.

ಕೂಸುಗಳು ಎಂದರೆ ನೀನು, ಅಕ್ಷತಾ.

ನೀರು ತುಂಬುವವರು ಹೆಂಗಸರು, ಅವರ ಸಹಿ ಇದ್ದರೆ ಅರ್ಜಿಗೆ ಬಲ ಎಂದು ಯಜಮಾನರು ಹೇಳಿದರು. ಓಣಿಯ ನನ್ನ ವಯಸ್ಸಿನ ಹೆಂಗಸರಲ್ಲಿ ಹೆಚ್ಚಿನವರು ಹೆಬ್ಬೆಟ್ಟು. ನಿಮ್ಮ ಅಜ್ಜ ಕಾಗದ ನನ್ನ ಮುಂದೆ ಇಟ್ಟು, "ನೀ ಮದಲ ಮಾಡು. ನಿನ್ನ ಅಕ್ಷರ ಛಲೋ ಅದಾವು. ನೋಡಿ ಉಳದಾವ್ರೂ ಮಾಡತಾರ" ಎಂದರು.

ನಾನು ಓದಿದೆ. ಓದಲು ಬರದವಳಾಗಿದ್ದರೆ ಇಂದು ನನಗೆ ಹೇಳಿಕೊಳ್ಳಲು ಒಂದು ನೆವವಿರುತ್ತಿತ್ತು. ಪೂರಾ ಓದಿದೆ.

"ಹಳೇ ನೀರಿನ ಮಾತು ಅವರು ಹಿಂಗ ಅಂದಿದ್ದಿಲ್ಲರಿ. ಸೋಸಿ, ಕಾಸಿ ಕುಡೀರಿ ಅಂದಿದ್ರು" ಎಂದೆ. ಎಷ್ಟು ಸಣ್ಣ ದನಿಯಲ್ಲಿ ಎಂದರೆ, ಪಕ್ಕದಲ್ಲಿ ಕೂತ ಯಜಮಾನರಿಗೆ ಕೇಳಿರಲಿಕ್ಕಿಲ್ಲ.

"ಅರ್ಜಿಯೊಳಗ ಅಷ್ಟೆಲ್ಲಾ ಬರಿಯೂದಿಲ್ಲ" ಎಂದರು ನಿಮ್ಮ ಅಜ್ಜ.

ಅವರು ಹೊತ್ತಿಗೆ ಮುಂಚೆ ಬಂದ್ ಮಾಡುವವರಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕಟ್ಟೆಯ ಮೇಲೇ ಗಡಿಯಾರ ನೋಡುತ್ತ ಕೂಡುತ್ತಿದ್ದರು ಎಂದೆನಲ್ಲ. ಅದನ್ನು ಹೇಳಲಿಲ್ಲ. ಸಹಿ ಮಾಡಿದೆ. ರೇಶನ್ ಕಾರ್ಡು ಬಿಟ್ಟರೆ ಯಾರೂ ನನ್ನ ಸಹಿ ಕೇಳಿರಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಅಕ್ಷರ ದುಂಡಗೆ ಬರಲಿ ಎಂದು ಉಸಿರು ಹಿಡಿದು ಮಾಡಿದೆ. ನನ್ನ ಕೆಳಗೆ ಹೆಬ್ಬೆಟ್ಟುಗಳು ಸಾಲಾಗಿ ಬಿದ್ದವು.

ಹದಿನೈದು ದಿನದ ಮೇಲೆ ಕಾಕಾ ನಮ್ಮ ಮನೆಗೆ ಬಂದರು. ಹೆಗಲ ಮೇಲೆ ಚಾವಿ ಇರಲಿಲ್ಲ. ಆಫೀಸಿನಲ್ಲಿ ಅರ್ಜಿ ಓದಿ ಹೇಳಿ, ಚಾವಿ ಇಸಿದುಕೊಂಡು, ಹುಬ್ಬಳ್ಳಿಯಲ್ಲಿ ಗಟಾರದ ಕೆಲಸಕ್ಕೆ ಹಾಕಿದ್ದರು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ರೂಢಿಯಂತೆ ನೀರು ತಂದೆ. ಅರ್ಧ ಲೋಟವೇ ತಂದಿದ್ದೆ. ಅವರು ಮುಟ್ಟಲಿಲ್ಲ.

"ಸಹಿ ಛಲೋ ಮಾಡೀ ತಂಗೆವ್ವಾ" ಎಂದರು. "ಎಲ್ಲಾರಕಿಂತ ಮದಲ ನಿಂದ ಐತಿ."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ರೊಕ್ಕದ ಮಾತು ಯಾರರ ಬರೀತಾರ, ಅದಕ್ಕ ನಾ ಸಿಟ್ಟಾಗೂದಿಲ್ಲ. ಆದ್ರ ಹಳೇ ನೀರಿನ ಮಾತು ನಾ ಆಡಿದ್ದು ನಿನ್ನ ಒಬ್ಬಾಕೀ ಮುಂದ. ಅದು ಆ ಕಾಗದಕ್ಕ ಹೆಂಗ ಹೋತು ಅಂತ ಕೇಳಾಕ ಬಂದೆ."

ಅವರು ಬಹಳ ಹೊತ್ತು ಕಾಯ್ದರು. ನಾನು ಏನಾದರೂ ಹೇಳುತ್ತೇನೆ ಎಂದೇ ಕಾಯ್ದರು. ನಾನು ಊಟಕ್ಕೆ ಬಡಿಸುವಾಗ ಮನೆಯವರನ್ನು ನಗಿಸಲು ಹೇಳಿದ್ದೆ ಎಂದು ಹೇಗೆ ಹೇಳಲಿ? ಅವರು ಎದ್ದು ಹೋದರು. ಆ ಅರ್ಧ ಲೋಟ ಕಟ್ಟೆಯ ಮೇಲೆ ಹಾಗೇ ಇತ್ತು.

ಎರಡು ದಿನದ ಮೇಲೆ ಹೇಳಬೇಕಾದದ್ದು ಹೊಳೆಯಿತು. ತಪ್ಪಾಯಿತು, ನಡೀರಿ, ನಾನು ಆಫೀಸಿಗೆ ಬಂದು ಹೇಳುತ್ತೇನೆ, ಅಷ್ಟೇ. ನಾಲ್ಕು ಮಾತು. ನಮ್ಮ ಮನೆಯಿಂದ ಅವರ ಮನೆಗೆ ನಡೆದರೆ ಎರಡು ನಿಮಿಷದ ದಾರಿ. ನಾನು ಹೋಗಲಿಲ್ಲ. ಮೊದಲು ಮನೆಯವರು ಏನೆಂದಾರು ಎಂಬ ಅಂಜಿಕೆ. ಆಮೇಲೆ ತಡವಾಯಿತು ಎಂಬ ನಾಚಿಕೆ. ಆಮೇಲೆ ವರ್ಷಗಳು.

ಚಾವಿ ಹಿಡಿದ ಹೊಸಬ ಗಡಿಯಾರ ಕಟ್ಟುತ್ತಿರಲಿಲ್ಲ. ಯಾರು ಕರೆದು ಚಹಾ ಕುಡಿಸಿದರೆ ಅವರ ಓಣಿಗೆ ಹೆಚ್ಚು ನೀರು. ವರ್ಷ ತುಂಬುವುದರೊಳಗೆ ಮೋಟಾರುಗಳು ಮತ್ತೆ ಬಂದವು, ನಮ್ಮದೂ ಬಂತು. ಕಾಕು ಹಿತ್ತಲ ಬಾಗಿಲಿಗೆ ಬರುವುದನ್ನು ನಿಲ್ಲಿಸಿದರು. ಕೆರೆಯ ರಸ್ತೆಯ ಬೋರಿಂಗಿನಿಂದ ನೀರು ಹೊತ್ತು, ನಮ್ಮ ಮನೆಯ ಮುಂದಿನಿಂದಲೇ ಏರು ಹತ್ತುತ್ತಿದ್ದರು. ಮೊದಲು ತಲೆಯ ಮೇಲೊಂದು, ಸೊಂಟದಲ್ಲೊಂದು. ಕೆಲವು ವರ್ಷದ ಮೇಲೆ ಸೊಂಟದಲ್ಲಿ ಒಂದೇ. ನಾನು ಕಿಡಕಿಯಿಂದ ನೋಡುತ್ತಿದ್ದೆ. ಪೀಪಾಯಿ ತುಂಬಿ ಹರಿದರೆ ಮೋಟಾರಿನ ಗುಂಡಿ ಒತ್ತಲು ಮಾತ್ರ ಏಳುತ್ತಿದ್ದೆ.

ನೀರು ಬಂದ ಒಂದು ಮಧ್ಯಾಹ್ನ ನಮ್ಮ ಅಂಗಳದ ನಳ ಸೋರುತ್ತಿತ್ತು. ಆಗ ಅವರು ನಿವೃತ್ತರಾಗಿದ್ದರು, ಕೈಚೀಲ ಹಿಡಿದು ಮೇಲೆ ಹೋಗುತ್ತಿದ್ದರು. ನಮ್ಮ ಗ್ಯಾಸಿನ ಸಿಲಿಂಡರು ಬಂದಿರಬೇಕೆಂದು ನಾನು ಬಾಗಿಲಿಗೆ ಬಂದಿದ್ದೆ. ಅವರು ಹನಿಯ ಸಪ್ಪಳ ಕೇಳಿ ನಿಂತರು. ಹತ್ತು ಓಣಿಯಾಚೆಯ ಸಪ್ಪಳ ಕೇಳುವ ಕಿವಿ ಅದು. ಕೈ ತಾನಾಗಿ ಅಂಗಿಯ ಕಿಸೆಗೆ ಹೋಯಿತು. ಒಂದು ಗಳಿಗೆ ಅಲ್ಲೇ ಇತ್ತು. ಆಮೇಲೆ ಬರಿಗೈ ಹೊರಗೆ ಬಂತು. ಅವರು ನನ್ನ ಕಡೆ ನೋಡದೆ ಏರು ಹತ್ತಿದರು. ಅಂದು ನಾನೇ ಪಾನಾ ಹುಡುಕಿ, ಹಳೆಯ ಚಪ್ಪಲಿಯ ತೊಗಲು ಕತ್ತರಿಸಿ ವಾಶರು ಮಾಡಿ ಕೂಡಿಸಿದೆ. ಅವರು ಕಲಿಸಿದ್ದು ಕೈಯಲ್ಲಿ ಇನ್ನೂ ಇತ್ತು.

ನಿಮ್ಮ ಅಜ್ಜ ತೀರಿದಾಗ ಅವರು ಬಂದು ಅಂಗಳದಲ್ಲಿ ಕೈಕಟ್ಟಿ ನಿಂತು ಹೋದರು. ನಿಮ್ಮ ಅಜ್ಜ ಕೆಟ್ಟವರಲ್ಲ. ಇದನ್ನು ಓದಿ ಅವರನ್ನು ಹಾಗೆ ಅನ್ನಬೇಡಿ. ಬರೆದವರು ಅವರು, ಆದರೆ ಆ ಮಾತನ್ನು ಅವರ ಕೈಗೆ ಕೊಟ್ಟವಳು ನಾನು.

ಕಾಕಾ ತೀರಿದ ದಿನ ನೀರಿನ ದಿನವಾಗಿರಲಿಲ್ಲ. ನೀರು ಬಂದು ಆರು ದಿನವಾಗಿತ್ತು. ಸುದ್ದಿ ಕೇಳಿ ನನಗೆ ಮೊದಲು ಹೊಳೆದದ್ದು, ಅವರ ಮೈ ತೊಳೆಯಲು ಆ ಮನೆಯಲ್ಲಿ ನೀರೆಲ್ಲಿಂದ ಬರಬೇಕು ಎಂದು. ತಾಮ್ರದ ಕೊಡ ತುಂಬಿ ಹೊತ್ತೆ. ನಿಮ್ಮ ಅಪ್ಪ "ನೀ ಯಾಕ ಹೊರತೀ ಅವ್ವಾ, ನಾ ತರತೇನಿ" ಎಂದ, ನಾನು ಕೊಡಲಿಲ್ಲ. ಆ ಏರನ್ನು ನಾನು ಕೊಡ ಹೊತ್ತು ಹತ್ತಿದ್ದು ಅದೇ ಮೊದಲು. ಮೂರು ಕಡೆ ನಿಂತೆ. ನನ್ನ ಸೆರಗೆಲ್ಲ ತೊಯ್ದಿತ್ತು.

ಕಾಕು ಬಾಗಿಲಲ್ಲೇ ಕೂತಿದ್ದರು.

"ಇಳಸಬ್ಯಾಡವ್ವಾ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಮನ್ಯಾಗ ಎರಡು ಕೊಡ ಅದಾವ. ಅವರಿಗೆ ಒಂದು ಕೊಡ ಯಾವಾಗ್ಲೂ ರಗಡ ಆಗತಿತ್ತು. ಇನ್ನೊಂದು ಬಂದವ್ರಿಗೆ ಕುಡ್ಯಾಕ ಆತು."

"ಕಾಕೂ, ಇವತ್ತರ ತಗೋರಿ" ಎಂದೆ. ಅಷ್ಟು ವರ್ಷ ಒಳಗೇ ಇಟ್ಟುಕೊಂಡ ಮಾತು ಕೊನೆಗೆ ಹೀಗೆ ಹೊರಗೆ ಬಂತು, ಆ ಮಾತು ಅಲ್ಲದೆ ಬೇರೆಯದೇ ಆಗಿ.

"ಇವತ್ತ ಯಾಕವ್ವಾ?" ಎಂದರು ಕಾಕು. "ಇವತ್ತ ಅವರಿಗೆ ನೀರಡಿಕಿ ಇಲ್ಲ."

ಒಂದೇ ಕೊಡದಲ್ಲಿ ಅವರ ಮೈ ತೊಳೆದರು. ಕೊಡದ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ನಾನು ಕಣ್ಣಾರೆ ನೋಡಿದೆ. ಬಂದವರಿಗೆಲ್ಲ ಕಾಕು ಅರ್ಧ ಅರ್ಧ ಲೋಟ ನೀರು ಕೊಡಿಸಿದರು. ಮಹಡಿ ಮನೆಯ ಯಜಮಾನರೂ ಬಂದಿದ್ದರು. ಅವರೂ ಅರ್ಧ ಲೋಟ ಕುಡಿದರು.

ನಾನು ತುಂಬಿದ ಕೊಡ ಹೊತ್ತು ಕೆಳಗಿಳಿದೆ. ಅದನ್ನು ಯಾವುದಕ್ಕೂ ಬಳಸಲು ಕೈ ಬರಲಿಲ್ಲ, ಚೆಲ್ಲಲೂ ಬರಲಿಲ್ಲ. ಅರಿವೆ ಕಟ್ಟಿ, ಮುಚ್ಚಿ, ಅಡಿಗೆಮನೆಯ ಮೂಲೆಯಲ್ಲಿಟ್ಟೆ. ಮತ್ತೆ ನೀರು ಬಂದ ದಿನ ಓಣಿಯಲ್ಲಿ ಎಲ್ಲರೂ ಹಳೆಯ ನೀರು ಚೆಲ್ಲುತ್ತಿದ್ದರು, ಗಟಾರ ತುಂಬಿ ಹರಿಯುತ್ತಿತ್ತು. ನಾನು ಆ ಕೊಡದ ನೀರನ್ನು ಸೋಸಿ, ಕಾಸಿ, ಒಬ್ಬಳೇ ಕುಡಿದು ಮುಗಿಸಿದೆ. ಐದು ದಿನ ಹಿಡಿಯಿತು. ಏನೂ ಆಗಲಿಲ್ಲ.

ಈಗ ನೀರು ಹಗಲೂ ರಾತ್ರಿ ಬರುತ್ತದೆ, ಬೇವಿನ ಗಿಡದ ಕೆಳಗಿನ ಮನೆಗೂ ಬರುತ್ತದೆಯಂತೆ. ಕಾಕು ಅಲ್ಲಿ ಒಬ್ಬರೇ ಇದ್ದಾರೆ. ಶಿವು, ನಿನ್ನ ನಳವನ್ನು ನಾನು ಇನ್ನೂ ಬಂದ್ ಮಾಡುತ್ತೇನೆ, ನೀನು ನಗುವುದಾದರೆ ನಗು. ನಮ್ಮ ನಳದಿಂದ ಸುಮ್ಮನೆ ಹೋದದ್ದು ಇನ್ನೊಬ್ಬರ ಮನೆಗೆ ಹತ್ತಬೇಕಾಗಿದ್ದ ನೀರು ಎಂದು ಆ ಮನುಷ್ಯ ಹತ್ತು ವರ್ಷ ಹೇಳಿದರು. ನಾವು ಅವರ ಕೈಯಿಂದ ಚಾವಿ ಕಸಿದುಕೊಂಡೆವು.

ಆ ಅರ್ಜಿ ನೀರಿನ ಆಫೀಸಿನ ಯಾವುದೋ ಕಪಾಟಿನಲ್ಲಿ ಇನ್ನೂ ಇರಬೇಕು. ಅಂಥ ಕಾಗದಗಳನ್ನು ಅವರು ಕೆಡಿಸುವುದಿಲ್ಲ ಎಂದು ನಿಮ್ಮ ಅಜ್ಜ ಹೇಳುತ್ತಿದ್ದರು. ಅದರಲ್ಲಿ ನನ್ನ ಸಹಿ ದುಂಡಗೆ ಇದೆ, ಎಲ್ಲಕ್ಕೂ ಮೊದಲಿನದು. ಅದು ಇರುವಷ್ಟು ಕಾಲ ಇದೂ ಇರಬೇಕು. ಈ ಹಾಳೆಗಳನ್ನು ನನ್ನ ಟ್ರಂಕಿನಲ್ಲಿ ಸೀರೆಯ ಕೆಳಗೆ ಇಡುತ್ತೇನೆ. ನಾನು ಹೋದ ಮೇಲೆ ಸೀರೆ ಯಾರಿಗಾದರೂ ಕೊಡಿ. ಹಾಳೆಗಳನ್ನು ಮಾತ್ರ ನೀವಿಬ್ಬರೇ ಜೋಪಾನ ಮಾಡಿ, ಒದ್ದೆ ತಾಗದ ಕಡೆ ಇಡಿ. ಕೆಳಗೆ ಸಹಿ ಮಾಡಿದ್ದೇನೆ. ಅಕ್ಷರ ಈ ಸಲ ದುಂಡಗೆ ಬಂದಿಲ್ಲ.